ಬೇರು ಹಿಡಿಯುವ ತನಕ ಗೇಟು ತೆರೆಯಬಾರದು

ಹೊರಟ ದಿನ

ನಾವು ಮೂವರು ಬೆಂಗಳೂರಿನಿಂದ ಆಸ್ಟ್ರೇಲಿಯಾಕ್ಕೆಂದು ವಿಮಾನ ಹತ್ತಿದ್ದು 2024ರ ಆಗಸ್ಟ್ 4ರ ರಾತ್ರಿ. ಇದಕ್ಕೆ ನಾನು ನೋಡಿದ ಆಧಾರ ಬೋರ್ಡಿಂಗ್ ಪಾಸಿನ ಹರಿದ ತುಂಡು. ಪಾಸ್‌ಪೋರ್ಟಿನಲ್ಲಿ ನಮ್ಮವರು ಒತ್ತಿದ ನಿರ್ಗಮನದ ಮುದ್ರೆಯೂ ಅದನ್ನೇ ಹೇಳುತ್ತದೆ. ಆಸ್ಟ್ರೇಲಿಯಾದವರು ಈಗ ಮುದ್ರೆ ಒತ್ತುವ ಪದ್ಧತಿ ಬಿಟ್ಟಿರುವುದರಿಂದ, ತಲುಪಿದ ದಿನಕ್ಕೆ ಇಂಥ ಎರಡನೆಯ ಸಾಕ್ಷಿ ನನ್ನಲ್ಲಿಲ್ಲ.

ದಿನಾಂಕದ ವಿಷಯಕ್ಕೆ ಇಷ್ಟು ಜಾಗ ಕೊಡಲು ಕಾರಣವಿದೆ. ಜೊತೆಗಿದ್ದ ಬೋರೇಗೌಡರು ಇಂದಿಗೂ ಅದನ್ನು ಒಪ್ಪುವುದಿಲ್ಲ. ಅಂದು ಭೀಮನ ಅಮಾವಾಸ್ಯೆ.

“ಅಮಾಸೆ ದಿನ ಯಾರಾದ್ರೂ ಮನೆ ಬುಟ್ಟು ಒಂಡ್ತಾರಾ ಮೇಷ್ಟ್ರೆ? ನಾನಂತೂ ಒಂಟವ್ನಲ್ಲ” ಎನ್ನುತ್ತಾರೆ ಅವರು.

“ಆವತ್ ಬೆಳಿಗ್ಗೆ ನಿಮ್ ಪಾದ ತೊಳ್ದು ಪೂಜೆ ಮಾಡಿದ್ದು ಮರ್ತ್‌ಬುಟ್ರಾ?” ಎಂದು ಅವರ ಹೆಂಡತಿ ಸಣ್ಣಮ್ಮ ತಿವಿಯುತ್ತಾರೆ. “ವರ್ಸಕ್ಕೊಂದಿನ ದೇವ್ರಾಗ್ತೀರಿ, ಅದೂ ಗ್ಯಾನ ಇಲ್ಲ.”

ಪಂಚಾಂಗ ತೆಗೆದು ನೋಡಿದೆ. ಅಮಾವಾಸ್ಯೆಯ ತಿಥಿ ಅಂದು ಸಂಜೆ ಐದಕ್ಕೆ ಮೊದಲೇ ಮುಗಿದಿತ್ತು. ಆದ್ದರಿಂದ ಗಂಡ ಹೆಂಡಿರಿಬ್ಬರ ಮಾತೂ ನಿಜವೆಂದು ತೀರ್ಮಾನಿಸಿದೆ. ಇಬ್ಬರಿಗೂ ತೃಪ್ತಿಯಾಗಲಿಲ್ಲ.

ಬೋರೇಗೌಡರದು ನಾಗಮಂಗಲ ತಾಲ್ಲೂಕಿನ ಮಳೆ ನಂಬಿದ ಊರು. ಕುರಿ ಸಾಕುತ್ತಾರೆ, ಡೈರಿಗೆ ಹಾಲು ಹಾಕುತ್ತಾರೆ. ಊರಾಚೆಯ ದಿಣ್ಣೆಯಲ್ಲಿ ಅವರಿಗೊಂದು ಕಲ್ಲು ಹೊಲವಿದೆ. ಮಳೆ ಬಿದ್ದಾಗ ಅಲ್ಲಿ ಹುಲ್ಲು ಏಳುತ್ತದೆ, ಕುರಿಗಳು ಬುಡಸಮೇತ ಮೇಯುತ್ತವೆ, ಸಂಕ್ರಾಂತಿಯ ಹೊತ್ತಿಗೆ ಬರೀ ನೊರಜುಗಲ್ಲು ಉಳಿಯುತ್ತದೆ. ಸಣ್ಣಮ್ಮನ ತವರು ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳು. ಹೇಮಾವತಿಯ ನೀರು, ಗದ್ದೆಯ ಕೆಸರು ಕಂಡು ಬೆಳೆದವರು. ನಾನು ಶ್ರೀರಂಗಪಟ್ಟಣದವನು. ಇತಿಹಾಸದ ಮೇಷ್ಟ್ರಾಗಿ, ಹಳೆಯ ಮೈಸೂರಿನ ದನದ ಕಾವಲುಗಳ, ಅಂದರೆ ಮೇಯಿಸಲು ಮೀಸಲಿಟ್ಟ ಹುಲ್ಲುಗಾವಲುಗಳ, ಕಾಗದಪತ್ರ ಓದುತ್ತ ನಿವೃತ್ತನಾದೆ. ಯಾವ ಕಾವಲನ್ನು ಯಾವಾಗ ಅಳೆದರು ಎಂಬುದನ್ನು ಹೇಳಬಲ್ಲೆ. ಅಲ್ಲಿ ಹುಲ್ಲು ಹೇಗೆ ನಿಲ್ಲುತ್ತಿತ್ತು ಎಂದು ಕೇಳಿದರೆ ಮತ್ತೆ ಕಾಗದ ತಿರುವುತ್ತಿದ್ದೆ. ಆಸ್ಟ್ರೇಲಿಯಾದ ದಕ್ಷಿಣ ಭಾಗದ ಹುಲ್ಲುಗಾವಲು ರೈತರ ಒಂದು ಸಣ್ಣ ಬಳಗ, ಒಣಭೂಮಿಯ ಕುರಿಗಾರ ದಂಪತಿಯನ್ನು ಕರೆಸಿಕೊಳ್ಳಲು ಬಯಸಿತು. ಮಾತು ದಾಟಿಸಲು ನಾನು ಹೋದೆ.

ಮೆಲ್ಬರ್ನ್ ವಿಮಾನ ನಿಲ್ದಾಣ

ಅಲ್ಲಿನ ಅಧಿಕಾರಿ ಕೇಳಿದ ಮೊದಲ ಪ್ರಶ್ನೆಗಳಲ್ಲಿ ಒಂದು, ಈಚೆಗೆ ಹೊಲ, ಕೊಟ್ಟಿಗೆಗಳಲ್ಲಿ ಓಡಾಡಿದ್ದೀರಾ ಎಂಬುದು. ಬೋರೇಗೌಡರು ಬೇರೆಲ್ಲೂ ಓಡಾಡಿದವರೇ ಅಲ್ಲ ಎಂದು ಸತ್ಯವನ್ನೇ ಹೇಳಿದೆ. ಅಧಿಕಾರಿ ಗೌಡರ ಚಪ್ಪಲಿಯನ್ನು ಬಿಚ್ಚಿಸಿಕೊಂಡು, ಅಡಿಭಾಗವನ್ನು ತಿರುಗಿಸಿ ನೋಡಿ, ಒಳಗೆ ಒಯ್ದು ಬ್ರಷ್ಷಿನಿಂದ ತಿಕ್ಕಿ ತೊಳೆದು, ಒರೆಸಿ, ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟ. ಗೌಡರು ಅಷ್ಟು ಹೊತ್ತೂ ಬರಿಗಾಲಲ್ಲಿ ಆ ತಣ್ಣನೆಯ ನೆಲದ ಮೇಲೆ ನಿಂತಿದ್ದರು.

“ನಮ್ಮೂರ್ ಮಣ್ಣು ಇವ್ರಿಗೇನ್ ಮಾಡ್ತು ಮೇಷ್ಟ್ರೆ?”

“ಮದ್ವೆ ಆದಾಗ್ನಿಂದ ನಾನ್ ಬೋದು ಬೋದು ಸಾಕಾದೆ” ಎಂದರು ಸಣ್ಣಮ್ಮ. “ಈವಯ್ಯ ಒಂದ್ ಗಳ್ಗೇಲಿ ತೊಳ್ದ್‌ಬುಟ್ಟ ನೋಡಿ.”

ಹೊರಗಿನ ಕಳೆಬೀಜವಾಗಲಿ ರೋಗವಾಗಲಿ ಮಣ್ಣಿನ ಜೊತೆ ಬರಬಾರದೆಂಬ ಎಚ್ಚರ ಅದು ಎಂದು ವಿವರಿಸಿದೆ. ಗೌಡರು ಚಪ್ಪಲಿ ಮೆಟ್ಟಿಕೊಳ್ಳುತ್ತ, “ಇಷ್ಟ್ ಕಾಯೋರು ಇನ್ನೇನೇನ್ ಕಾಯ್ತಾರೋ” ಎಂದರು. ಆ ಮಾತಿನಲ್ಲಿ ವ್ಯಂಗ್ಯಕ್ಕಿಂತ ಗೌರವ ಹೆಚ್ಚಾಗಿತ್ತು.

ಹೆಲೆನ್ ಅವರ ಮನೆ

ನಮ್ಮ ಆತಿಥೇಯರು ಹೆಲೆನ್. ಅರವತ್ತು ದಾಟಿದ, ಎತ್ತರದ, ಕಡಿಮೆ ಮಾತಿನ ಹೆಂಗಸು. ಗಂಡ ತೀರಿಹೋದ ಮೇಲೆ ಒಬ್ಬರೇ ಬೇಸಾಯ ನಡೆಸುತ್ತಿದ್ದಾರೆ. ಮೆಲ್ಬರ್ನಿನಿಂದ ಪಶ್ಚಿಮಕ್ಕೆ ಮೂರು ತಾಸಿನ ದಾರಿ. ದಾರಿಯುದ್ದಕ್ಕೂ ಎದುರಾದ ವಾಹನದವರೆಲ್ಲ ಸ್ಟಿಯರಿಂಗಿನ ಮೇಲಿಂದ ಒಂದು ಬೆರಳನ್ನು ಮಾತ್ರ ಎತ್ತುತ್ತಿದ್ದರು. ಅದು ಅಲ್ಲಿನ ನಮಸ್ಕಾರ. ನಮ್ಮಲ್ಲಾದರೆ ಗಾಡಿ ನಿಲ್ಲಿಸಿ, ಎಲ್ಲಿಗೆ, ಏಕೆ, ಜೊತೆಯಲ್ಲಿರುವವರು ಯಾರು ಎಂದು ವಿಚಾರಿಸದೆ ಬಿಡುತ್ತಿರಲಿಲ್ಲ. ಮರುದಿನದಿಂದ ಬೋರೇಗೌಡರೂ ಬೆರಳೆತ್ತಲು ಕಲಿತರು, ಕುರಿಗಳಿಗೂ ಎತ್ತುತ್ತಿದ್ದರು.

ಆಗಸ್ಟ್ ಅಲ್ಲಿ ಚಳಿಗಾಲ. ಬೂಟನ್ನು ಬಾಗಿಲ ಹೊರಗೇ ಬಿಟ್ಟು ಹೆಲೆನ್ ಒಳಗೆ ಹೋದದ್ದನ್ನು ಕಂಡು ಸಣ್ಣಮ್ಮನಿಗೆ ಸಮಾಧಾನವಾಯಿತು. “ನಮ್ಮಂಗೇ ಅವ್ರೆ ಬುಡಿ” ಎಂದರು.

ಆ ಸಂಜೆ ಒಲೆಯ ಬಳಿ ಹೆಲೆನ್ ಹೇಳಿದ ಒಂದು ಮಾತನ್ನು ದಾಟಿಸುವಾಗ ನಾನೇ ಎರಡು ಸಲ ಕೇಳಿ ಖಚಿತಪಡಿಸಿಕೊಂಡೆ. “ನಾನು ದನ ಸಾಕುವವಳಲ್ಲ. ಹುಲ್ಲು ಸಾಕುತ್ತೇನೆ. ದನ ಅದನ್ನು ಕೊಯ್ಯುತ್ತದೆ, ಅಷ್ಟೆ.”

ಗೌಡರು ನಕ್ಕುಬಿಟ್ಟರು. “ಉಲ್ಲು ಸಾಕದಾ? ಉಲ್ಲೇನ್ ಮೊಮ್ಮಗಿನಾ?”

ಕೆಳಗಿನ ಹೊಲ

ಮೊಮ್ಮಗುವೇ ಎಂದು ಮರುದಿನ ಗೊತ್ತಾಯಿತು. ಮನೆಯಿಂದ ಇಳಿಜಾರಿನಲ್ಲಿ, ತಂತಿ ಬೇಲಿಯ ಆಚೆ ಒಂದು ವಿಶಾಲವಾದ ಹೊಲ. ಗೇಣು ಮುಟ್ಟದ ಎಳೆ ಹುಲ್ಲು ಅದರ ತುಂಬ ಹಸಿರು ಹೊದಿಸಿತ್ತು. ಫಲಾರಿಸ್ ಎಂದು ಹೆಸರು. ಒಮ್ಮೆ ಬೇರು ಹಿಡಿದರೆ ಬೇಸಗೆಯ ಒಣಗಿನಲ್ಲಿ ಮಲಗಿದ್ದು, ಮಳೆ ಬಿದ್ದೊಡನೆ ಬುಡದಿಂದಲೇ ಏಳುತ್ತದೆ. ಹತ್ತಾರು ವರ್ಷ ಮತ್ತೆ ಬಿತ್ತಬೇಕಿಲ್ಲ.

ಆದರೆ ಬೇರು ಹಿಡಿಸುವುದು ಹುಡುಗಾಟವಲ್ಲ. ಬಿತ್ತುವುದಕ್ಕೆ ಎರಡು ವರ್ಷ ಮೊದಲೇ ಹೆಲೆನ್ ಕೆಲಸ ಆರಂಭಿಸಿದ್ದರು. ಹಳೆಯ ಕಳೆ ಬೀಜ ಕಟ್ಟುವ ಮೊದಲೇ ಅದನ್ನು ಕೊಂದರು. ನಡುವೆ ಓಟ್ಸ್ ಬೆಳೆದು ನೆಲವನ್ನು ಶುಚಿ ಮಾಡಿದರು. ಮೊದಲ ಮಳೆಗೆ ಕಳೆ ಮೊಳೆಯಲೆಂದು ಕಾದು, ಮೊಳೆತದ್ದನ್ನು ಕೊಂದು, ಆಮೇಲೆ ರಾಗಿಯಂತೆ ಮೇಲುಮೇಲೆ ಬೀಜ ಬಿತ್ತಿದರು. ಎಳೆ ಗರಿಗಳಿಗೆ ಹತ್ತುವ ನುಸಿಯನ್ನು ಹುಡುಕಲು ವಾರವಾರವೂ ಮಂಡಿಯೂರಿ ನೋಡಿದರು. ಪಾಂಡವಪುರದ ಕಡೆ ಕಬ್ಬಿಗೂ ಇಷ್ಟು ಉಪಚಾರ ಮಾಡುವವರನ್ನು ನಾನು ಕಂಡಿಲ್ಲ. ಇಲ್ಲಿ ನಡೆದದ್ದು ಹುಲ್ಲಿಗೆ.

ಹೆಲೆನ್ ಬಗ್ಗಿ ಒಂದು ಗಿಡದ ಗರಿಗಳನ್ನು ಬೆರಳಿಗೆ ಸುತ್ತಿ ತಿರುಚಿ ಎಳೆದರು. ಹಸು ನಾಲಗೆಯಿಂದ ಎಳೆಯುವುದು ಹೀಗೇ. ಬಿಳಿಯ ಬೇರಿನ ಸಮೇತ ಗಿಡ ಕೈಗೆ ಬಂತು. “ಗರಿ ಹರಿದು ಬೇರು ನೆಲದಲ್ಲೇ ಉಳಿಯುವ ತನಕ ಗೇಟು ತೆರೆಯಬಾರದು. ಇನ್ನೂ ಎರಡು ವಾರ ಬೇಕು” ಎಂದರು.

ಆ ಹೊಲ ಹಿಂದೆ ಎರಡು ಸಲ ಕೈಕೊಟ್ಟಿತ್ತು. ಇದು ಮೂರನೆಯ ಪ್ರಯತ್ನ. ಹೆಲೆನ್ ಬೇಲಿಯಾಚೆಗೆ ಕೈ ತೋರಿಸಿದರು. ನೆರೆಯ ಜಮೀನಿನಲ್ಲಿ ಸಾಲಾಗಿ ನಿಂತ ಮರಗಳು; ಅವುಗಳ ಕೆಳಗೆ ಒಂದು ಗರಿಕೆಯೂ ಇಲ್ಲ. “ಈ ಸಲವೂ ನಿಲ್ಲದಿದ್ದರೆ ಇದನ್ನೂ ಮರದ ಕಂಪನಿಗೆ ಗುತ್ತಿಗೆ ಕೊಡುತ್ತೇನೆ. ನಾಲ್ಕನೆಯ ಸಲಕ್ಕೆ ನನ್ನಲ್ಲಿ ಶಕ್ತಿ ಇಲ್ಲ.”

ಗೌಡರು ಮರಗಳನ್ನು ದಿಟ್ಟಿಸಿ ನೋಡಿದರು. “ಅಯ್ಯೋ, ನೀಲಗಿರಿ ಕಣ ಇದು! ನಮ್ ಗೋಮಾಳ ಎಲ್ಲಾ ನುಂಗಿದ್ದು ಸಾಲ್ದು ಅಂತ ಇಲ್ಗೂ ಬಂದ್‌ಬುಡ್ತಾ?”

ಇಲ್ಲಿಂದಲೇ ನಮ್ಮಲ್ಲಿಗೆ ಬಂದದ್ದು ಎಂದೆ. ಅದನ್ನು ಹೆಲೆನ್‌ಗೂ ದಾಟಿಸಿದೆ. ನಾವು ಅಲ್ಲಿಗೆ ಹೋದ ಮೇಲೆ ಮೊದಲ ಬಾರಿಗೆ ಅವರು ಜೋರಾಗಿ ನಕ್ಕರು.

ಗೇಟು

ಗೇಟಿನ ಪ್ರಸಂಗ ನಡೆದದ್ದು ಆಗಸ್ಟ್ 13ರಂದು. ಹೆಲೆನ್‌ರ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅವರು ಪಟ್ಟಣಕ್ಕೆ ಹೋಗಬೇಕಾದ ದಿನವೆಂದು ಗುರುತು ಹಾಕಿದ್ದನ್ನು ಅಂದೇ ನೋಡಿಟ್ಟುಕೊಂಡಿದ್ದೆ. ಮಧ್ಯಾಹ್ನ ಜೋರು ಗಾಳಿ ಎದ್ದಿತು. ರಸ್ತೆಗೆ ಮರ ಬಿದ್ದಿದೆ, ಬರುವುದು ತಡವಾಗುತ್ತದೆ ಎಂದು ಅವರು ಫೋನು ಮಾಡಿದರು. ನಾನು ಮೇಜಿನ ಮುಂದೆ ಓದುತ್ತ ಕುಳಿತಿದ್ದೆ.

ದನಗಳಿಗೆ ಒಣಹುಲ್ಲು ಹಾಕುವ ಹೊತ್ತು ಮೀರಿತ್ತು. ಕೆಂಪು ಮೈಯ ಬಿಳಿ ಮುಖದ ಹಸುಗಳೆಲ್ಲ ಕೆಳಗಿನ ಹೊಲದ ಗೇಟಿಗೆ ಒತ್ತಿಕೊಂಡು ಒಂದೇ ಸಮನೆ ಕೂಗುತ್ತಿದ್ದವು. ಅವುಗಳಲ್ಲೊಂದು ತುಂಬು ಗಬ್ಬದ ಹಸು. ಅಲ್ಲಿ ಹಸುಗಳಿಗೆ ಹೆಸರಿಲ್ಲ, ಕಿವಿಯಲ್ಲಿ ಬಿಲ್ಲೆ ಮಾತ್ರ. ಗೌಡರು ಬಂದ ಎರಡನೆಯ ದಿನವೇ ಅದಕ್ಕೆ ಕೆಂಪಿ ಎಂದು ಹೆಸರಿಟ್ಟು, ದಿನವೂ ಕತ್ತಿನ ಕೆಳಗಿನ ಗಂಗೆದೊಗಲು ತುರಿಸಿ ಮಾತಾಡಿಸುತ್ತಿದ್ದರು.

ನಮ್ಮ ಕಡೆ ಹಸು ಕೂಗಿದರೆ ಮನೆಯಲ್ಲಿದ್ದವರು ಯಾರೇ ಆಗಲಿ, ನೆಂಟರೇ ಆಗಲಿ, ಎದ್ದು ಒಂದು ಹಿಡಿ ಹಾಕುತ್ತಾರೆ. ಕೇಳುವ ಪದ್ಧತಿಯೇ ಇಲ್ಲ. ಗೌಡರು ಮೊದಲು ಕೊಟ್ಟಿಗೆಗೆ ಹೋಗಿ ಒಣಹುಲ್ಲು ತರಲು ನೋಡಿದರಂತೆ. ಅಲ್ಲಿ ಹುಲ್ಲು ಹೊರೆಯಲ್ಲಿಲ್ಲ. ಆಳೆತ್ತರದ ಸುರುಳಿಗಳಲ್ಲಿ ಬಲೆ ಸುತ್ತಿ ಬಿಗಿದಿರುತ್ತದೆ, ಟ್ರಾಕ್ಟರಿಲ್ಲದೆ ಅಲುಗುವುದಿಲ್ಲ. ಬಿಗಿ ಬಲೆಯಲ್ಲಿ ಬೆರಳು ತೂರಿಸಿದರೂ ಹಿಡಿ ಹುಲ್ಲು ಬರಲಿಲ್ಲ. ಹಿಂದಿರುಗಿ ಬಂದರೆ, ಕೆಂಪಿ ಬೇಲಿಯ ಮೇಲೆ ಕತ್ತು ಚಾಚಿ ಅವರನ್ನೇ ನೋಡುತ್ತಿತ್ತು.

ಕಿಟಕಿಯಿಂದ ನಾನು ತಲೆಯೆತ್ತಿದಾಗ ಗೌಡರು ಗೇಟಿನ ಸರಪಣಿ ಬಿಚ್ಚುತ್ತಿದ್ದರು.

“ಅದೊಂದ್ನೇ ಒಳೀಕ್ ಬುಟ್ಟು, ನಾಕ್ ಬಾಯಿ ಮೇಸಿ, ಎಳ್ಕೊಂಡ್ ಬರಾನ ಅಂತಿದ್ದೆ ಮೇಷ್ಟ್ರೆ” ಎಂದು ಆಮೇಲೆ ಹೇಳಿದರು. ಎಳೆದುಕೊಂಡು ಬರಲು ಅಲ್ಲಿ ಹಗ್ಗವಿಲ್ಲ, ಮೂಗುದಾರವಿಲ್ಲ. ಒಂದೊಂದು ಹಸುವನ್ನೂ ಒಂದೊಂದು ಗೂಟಕ್ಕೆ ಕಟ್ಟುವ ನಾವು ಆ ದನಗಳನ್ನೂ ಹಾಗೆಯೇ, ಬಿಡಿಬಿಡಿಯಾಗಿ ಕಂಡಿದ್ದೆವು. ಅವು ಬಿಡಿಯಾಗಿ ಬದುಕಿದವುಗಳೇ ಅಲ್ಲ. ಕೆಂಪಿ ಒಳಗೆ ಕಾಲಿಟ್ಟೊಡನೆ ಇಡೀ ಹಿಂಡು ನೀರು ನುಗ್ಗಿದಂತೆ ಗೇಟಿನೊಳಗೆ ನುಗ್ಗಿತು.

ಗೌಡರು “ಓಯ್, ಓಯ್, ಬಾರಮ್ಮಿ, ಬಾರೇ” ಎಂದು ನಾಗಮಂಗಲದ ಭಾಷೆಯಲ್ಲಿ ಕೂಗುತ್ತ ಓಡಿದರು. ಸಣ್ಣಮ್ಮ ಸೆರಗು ಬೀಸಿದರು. ನಾನು ಕೈಯಲ್ಲಿದ್ದ ಪುಸ್ತಕವನ್ನೇ ಬೀಸಿದೆ. ಒಂದು ದನವೂ ಕಿವಿ ನಿಮಿರಿಸಲಿಲ್ಲ. ತೋಯ್ದ ನೆಲದಲ್ಲಿ ಗೊರಸು ಹೂಳುತ್ತಿತ್ತು. ಬಾಯಿ ಹಾಕಿದ ಕಡೆಯಲ್ಲೆಲ್ಲ ಬಿಳಿ ಬೇರು ತೂಗಾಡುವ ಗಿಡ ಮೇಲೆದ್ದು, ಮಣ್ಣು ನಾಲಗೆಗೆ ಒಗ್ಗದೆ ಕೆಳಗೆ ಬೀಳುತ್ತಿತ್ತು.

ಹೆಲೆನ್ ಬಂದು ಇಳಿದವರೇ ಒಂದು ಸಿಳ್ಳೆ ಹಾಕಿದರು. ಗಾಡಿಯಿಂದ ಜಿಗಿದ ಎರಡು ನಾಯಿಗಳು ಎಡಬಲಕ್ಕೆ ಹರಿದು, ನಾವು ಅಷ್ಟು ಹೊತ್ತು ಮಾಡಲಾಗದ್ದನ್ನು ಉಸಿರು ಬಿಡುವಷ್ಟರಲ್ಲಿ ಮಾಡಿ ಮುಗಿಸಿದವು. ಹೆಲೆನ್ ಗೇಟು ಹಾಕಿ, ಬಗ್ಗಿ, ಕಿತ್ತು ಬಿದ್ದಿದ್ದ ಒಂದು ಗಿಡವನ್ನು ಎತ್ತಿ ನೋಡಿದರು. ಟ್ರಾಕ್ಟರು ಹತ್ತಿ ದನಗಳಿಗೆ ಹುಲ್ಲು ಹಾಕಿ ಬಂದು ನಮಗೆ ಚಹಾ ಮಾಡಿಕೊಟ್ಟರು.

“ಬೋದ್‌ಬುಡಕ್ಕೇಳಿ ಮೇಷ್ಟ್ರೆ” ಎಂದರು ಗೌಡರು, ಲೋಟ ಮುಟ್ಟದೆ. “ಬೋಯ್ದೆ ಇದ್ರೆ ನಾನ್ ಎಂಗ್ ಉಣ್ಲಿ?”

ದಾಟಿಸಿದೆ. “ಹಸು ಹಸಿದಿತ್ತು” ಎಂದಷ್ಟೇ ಹೆಲೆನ್ ಹೇಳಿ, ಬ್ರೆಡ್ಡಿನ ತಟ್ಟೆಯನ್ನು ಅವರತ್ತ ತಳ್ಳಿದರು. ಹೊಲದ ಸುದ್ದಿ ಎತ್ತಲಿಲ್ಲ. ಎತ್ತದಿದ್ದುದರಿಂದಲೇ ಇಡೀ ಹೊಲ ಹಾಳಾಯಿತೆಂದು ನಾವು ಮೂವರೂ ತಿಳಿದೆವು.

ನಾಟಿ

ಬೆಳಿಗ್ಗೆ ಎದ್ದಾಗ ಸಣ್ಣಮ್ಮ ಮನೆಯಲ್ಲಿರಲಿಲ್ಲ. ಕೆಳಗಿನ ಹೊಲದಲ್ಲಿ, ಸ್ವೆಟರಿನ ಮೇಲೆ ಸೆರಗು ಕಟ್ಟಿ, ಸೀರೆಯನ್ನು ಮೊಣಕಾಲಿಗೆತ್ತಿ ಬಗ್ಗಿ ನಿಂತಿದ್ದರು. ಎಡಗೈಯಲ್ಲಿ ಕಿತ್ತುಬಿದ್ದ ಗಿಡಗಳ ಹಿಡಿ. ಬಲಗೈಯ ಹೆಬ್ಬೆರಳಿನಿಂದ ಕೆಸರಿನಲ್ಲಿ ಗುಳಿ ಒತ್ತಿ, ಗಿಡ ಇಟ್ಟು, ಪಕ್ಕದ ಮಣ್ಣು ಅದುಮಿ, ಒಂದು ಹೆಜ್ಜೆ ಹಿಂದಕ್ಕೆ.

ಹೆಲೆನ್ ನನ್ನನ್ನು ಕೇಳಿದರು, “ಅವರು ಏನು ಮಾಡುತ್ತಿದ್ದಾರೆ?”

“ಏನಮ್ಮ ಇದು?” ಎಂದು ನಾನು ಸಣ್ಣಮ್ಮನನ್ನು ಕೇಳಿದೆ.

“ಏನು ಅಂದ್ರೆ? ಬೇರು ಇನ್ನೂ ಅಸಿ ಅದೆ. ಕಿತ್ ಪೈರ ನಾವ್ ನೆಡಾಕಿಲ್ವಾ? ರಾಗಿ ನೆಡಾಕಿಲ್ವಾ, ಬತ್ತ ನೆಡಾಕಿಲ್ವಾ? ಕಿತ್ರೇ ತಾನೇ ನಾಟಿ?”

ಇದನ್ನು ದಾಟಿಸಲು ನನಗೆ ತುಸು ಹೊತ್ತು ಬೇಕಾಯಿತು. ಹೆಲೆನ್ ಕಂಡ ಬೇಸಾಯದಲ್ಲಿ ಬೀಜ ಬಿತ್ತಿದಲ್ಲೇ ಬೆಳೆಯುತ್ತದೆ, ಬೇರು ಮೇಲೆ ಬಂದದ್ದು ಸತ್ತಿತು. ನಮ್ಮ ಲೆಕ್ಕದಲ್ಲಿ ಬೇರು ಮೇಲೆ ಬಂದ ಮೇಲೆಯೇ ಪೈರಿನ ನಿಜವಾದ ಬಾಳು ಆರಂಭ. ಸಸಿ ಬೆಳೆಸುವ ಒಟ್ಲು ಪಾತಿಯಿಂದ ಕಿತ್ತು, ಕಟ್ಟು ಕಟ್ಟಿ, ಹೊಲಕ್ಕೊಯ್ದು ನೆಡುವ ಪದ್ಧತಿಯನ್ನು ವಿವರಿಸಿದೆ. ಹೆಲೆನ್ ಕೇಳಿಸಿಕೊಂಡರು. ಹೊಲದ ಉದ್ದಗಲವನ್ನು ಒಮ್ಮೆ ನೋಡಿದರು. ಆಮೇಲೆ ಶೆಡ್ಡಿಗೆ ಹೋಗಿ ಬಕೆಟ್ಟುಗಳನ್ನು ತಂದರು.

ಬೋರೇಗೌಡರು ಕಿತ್ತ ಗಿಡ ಆಯ್ದು ಕೊಟ್ಟರು. ನಾನೂ ನೆಟ್ಟೆ, ನನ್ನ ಸಾಲನ್ನು ಸಣ್ಣಮ್ಮ ಹಿಂದಿನಿಂದ ಬಂದು ಕಿತ್ತು ಮತ್ತೆ ನೆಟ್ಟರು.

“ಮೇಷ್ಟ್ರು ಅಕ್ಸರ ಬರ್ದಂಗ್ ನೆಟ್ಟವ್ರೆ, ಸೊಟ್ಟುಕ್ಕೆ” ಎಂದರು ಗಂಡನಿಗೆ.

“ನೀನೂ ಬುಡು ಅತ್ಲಾಗೆ. ಅವ್ರು ಒಂಟೋದ್ರೆ ಇಂಗ್ಲೀಸ್ ಯಾರಾಡ್ತಾರೆ?”

ಹೆಲೆನ್‌ಗೆ ಮೊದಲು ಬಗ್ಗಲು ಬರಲಿಲ್ಲ, ಮಂಡಿಯೂರಿ ನೆಟ್ಟರು. ಸಣ್ಣಮ್ಮ ಅವರ ಸೊಂಟ ಹಿಡಿದು ಎಬ್ಬಿಸಿ, ಕಾಲು ಅಗಲಿಸಿ, ಬೆನ್ನು ಬಗ್ಗಿಸಿ ನಿಲ್ಲಿಸಿದರು. ಆ ಹೊತ್ತಿಗೆ ನನ್ನ ಅಗತ್ಯವೇ ಇರಲಿಲ್ಲ. ರಸ್ತೆಯಲ್ಲಿ ಹೋಗುತ್ತಿದ್ದ ನೆರೆಯ ಕುರಿಗಾರರೊಬ್ಬರು ಗಾಡಿ ನಿಲ್ಲಿಸಿ, “ಹೆಲೆನ್, ಉಂಗುರ ಬಿತ್ತೇ?” ಎಂದು ಕೂಗಿದರು. ವಿಷಯ ತಿಳಿದ ಮೇಲೆ ಅವರು ನಗಲಿಲ್ಲ. ಮನೆಗೆ ಹೋಗಿ ಫ್ಲಾಸ್ಕಿನಲ್ಲಿ ಸೂಪು ತಂದು, ಕುಡಿಸಿ, ತಾವೂ ಒಂದು ಸಾಲು ನೆಟ್ಟರು.

ಸಂಜೆ ಸೊಂಟ ನೆಟ್ಟಗಾಗದ ಸ್ಥಿತಿಯಲ್ಲಿ ಮೇಲೆ ಹತ್ತಿದೆವು. ಹಿಂದಿರುಗಿ ನೋಡಿದರೆ ಇಡೀ ಹೊಲವನ್ನೇ ನೆಟ್ಟು ಮುಗಿಸಿದ್ದೆವು. ರಾತ್ರಿ ಸಣ್ಣ ಮಳೆ ಹಿಡಿಯಿತು.

ಊರು

ಮರಳಿ ಬಂದ ಮೇಲೆ ಹೆಲೆನ್ ಬರೆದರು: ಗೌಡರ ಕೆಂಪಿ ಈದಿದೆ, ಹೆಣ್ಣು ಕರು. ಆಗಸ್ಟಿನ ಕೊನೆಗೆ ಅವರು ಗಿಡ ತಿರುಚಿ ಎಳೆದಾಗ ಗರಿ ಹರಿದು ಬೇರು ನೆಲದಲ್ಲೇ ಉಳಿಯಿತು. ನಾಟಿಯ ಗಿಡಗಳಿಗೆ ಇನ್ನೆರಡು ವಾರ ಕೊಟ್ಟು, ಆಮೇಲೆ ಅರ್ಧ ದಿನ ಮಾತ್ರ ದನ ಬಿಟ್ಟು ಹೊರಗೆ ಅಟ್ಟಿದರು. ವಸಂತದಲ್ಲಿ ಹೂ ಬಿಡಲು ಬಿಟ್ಟರು. ಮರದ ಕಂಪನಿಗೆ ಬೇಡವೆಂದು ಹೇಳಿಯಾಯಿತು.

ಮರುವರ್ಷದ ಮುಂಗಾರಿನಲ್ಲಿ ಬೋರೇಗೌಡರು ದಿಣ್ಣೆಯ ಹೊಲಕ್ಕೆ ಬೇಲಿ ಕಟ್ಟಿದರು. ಒಣನೆಲಕ್ಕೆ ಒಗ್ಗುವ ಅಂಜನ ಹುಲ್ಲಿನ ಬುಡಗಳನ್ನು ತಂದು, ಸಣ್ಣಮ್ಮ ಸಾಲು ಹಿಡಿದು ನೆಟ್ಟರು. ಮೇಲುಕೋಟೆಯ ಬೆಟ್ಟದ ಕಡೆಯಿಂದ ಮೋಡ ಏರುತ್ತಿದ್ದ ಒಂದು ದಿನ ನಾನಲ್ಲಿಗೆ ಹೋಗಿದ್ದೆ. ಕುರಿಗಳು ಬೇಲಿಗೆ ಒತ್ತಿಕೊಂಡು ಅರಚುತ್ತಿದ್ದವು. ದಾರಿಯಲ್ಲಿ ಹೋಗುತ್ತಿದ್ದ ಅವರ ದಾಯಾದಿ ರಾಮೇಗೌಡ ನಿಂತು ಕೆಣಕಿದ.

“ಏನ್ಲಾ ಬೋರ, ಕುರಿ ಆಚೆ ಉಲ್ಲು ಒಳ್ಗೆ! ಉಲ್ಲಿಗೂ ಕಾವ್ಲಾ?”

“ಕಿತ್ ನೋಡ್ಲಾ. ಬೇರ್ ಸಮೇತ ಬಂದ್ರೆ ಇನ್ನೂ ಎಳೇ ಮಗ ಅದು. ಬರ್ದೆ ಇದ್ರೆ ನಿನ್ ಕುರೀನೂ ಬುಡ್ತೀನಿ.”

“ಆಸ್ಟ್ರೇಲಿಯಾಕ್ಕೋಗಿ ಉಲ್ ಕೀಳದ್ ಕಲ್ತ್‌ಬಂದೆ ಅನ್ನು.”

“ನೆಡದ್ ಕಲ್ಸ್‌ಬಂದೊ ಕಣ್ಲಾ” ಎಂದರು ಗೌಡರು. “ಇಡೀ ಒಲ, ನಾಕೇ ಜನ, ಒಂದೇ ದಿನ. ಬೇಕಾದ್ರೆ ಮೇಷ್ಟ್ರುನ್ ಕೇಳು.”

ನಾನು ಹೌದೆಂದು ತಲೆಯಾಡಿಸಿದೆ. ಹೆಲೆನ್‌ರ ನೆರೆಯ ಕುರಿಗಾರರು ನೆಟ್ಟ ಒಂದು ಸಾಲನ್ನು ಗೌಡರು ಲೆಕ್ಕದಿಂದ ಬಿಟ್ಟದ್ದನ್ನು ಬಿಟ್ಟರೆ, ನನ್ನ ನೆನಪೂ ಅದೇ ಆಗಿತ್ತು.

ಈ ಬರಹಕ್ಕೆಂದು ಎಲ್ಲವನ್ನೂ ಮತ್ತೆ ಸರಿನೋಡುವಾಗ, ಹೆಲೆನ್ ಫೋನಿಗೆ ಕಳುಹಿಸಿದ್ದ ಒಂದು ಚಿತ್ರವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದೆ. ಸೂಪು ತಂದ ಅದೇ ನೆರೆಯವರು ಡ್ರೋನಿನಿಂದ ತೆಗೆದದ್ದು. ಮೂಲೆಯಲ್ಲಿ ದಿನಾಂಕವಿದೆ: 19 ಅಕ್ಟೋಬರ್ 2024. ಹೊಲದ ತುಂಬ ಹುಲ್ಲು, ಬಿತ್ತಿದ ಯಂತ್ರದ ಗೆರೆಗಳಲ್ಲಿ ಅಡ್ಡಿಯಿಲ್ಲದೆ ಎದ್ದಿದೆ. ಗೇಟಿನ ಬಳಿಯ ಒಂದು ಮೂಲೆಯಲ್ಲಿ ಮಾತ್ರ, ನಮ್ಮ ಊರಿನ ಒಂದು ಒಕ್ಕಣೆ ಕಣದಷ್ಟು ಜಾಗದಲ್ಲಿ, ಗೆರೆಗಳು ಬೇರೆ ದಿಕ್ಕಿಗೆ ಹೊರಳಿವೆ. ದಟ್ಟವಾಗಿ, ಕಡು ಹಸಿರಾಗಿ, ನೂಲು ಹಿಡಿದಂತೆ ನೇರ. ಒಂದು ಗೆರೆ ಸೊಟ್ಟಗಿದೆ. ಅದು ಸಣ್ಣಮ್ಮನ ಕಣ್ಣು ತಪ್ಪಿಸಿದ ನನ್ನದಿರಬೇಕು.

ಹೆಲೆನ್‌ಗೆ ಬರೆದು ಕೇಳಿದೆ. ಅವರ ಉತ್ತರ ಚಿಕ್ಕದು. ಆ ಸಂಜೆಯೇ ಅವರಿಗೆ ಗೊತ್ತಿತ್ತಂತೆ, ಹಾಳಾದದ್ದು ಮೂಲೆ ಮಾತ್ರ ಎಂದು. ಬೀಜ ಎರಚಿದ್ದರೂ ಆಗುತ್ತಿತ್ತೇನೋ. ಆದರೆ ಹಿಂದೆ ಎರಡು ಸಲವೂ ಕಳೆ ಒಳನುಗ್ಗಿದ್ದು ಆ ಮೂಲೆಯಿಂದಲೇ. ಈಗ ಅಲ್ಲಿ ಕಳೆಗೆ ಜಾಗವಿಲ್ಲ. ಬೆಳಿಗ್ಗೆ ಸಣ್ಣಮ್ಮ ಬಗ್ಗಿ ನಿಂತಿದ್ದನ್ನು ಕಂಡ ಮೇಲೆ, ಬೇಡವೆನ್ನಲು ಬಾಯಿ ಬರಲಿಲ್ಲವಂತೆ.

ಚಿತ್ರವನ್ನು ಅಚ್ಚು ಹಾಕಿಸಿ ನಾಗಮಂಗಲದ ಬಸ್ಸು ಹತ್ತಿದೆ. ಬೋರೇಗೌಡರು ಅದನ್ನು ಅತ್ತಿತ್ತ ತಿರುಗಿಸಿ ಬಹಳ ಹೊತ್ತು ನೋಡಿದರು. “ಇಷ್ಟೇನಾ?” ಎಂದರು.

ಇಷ್ಟೇ ಎಂದು ದಾಖಲೆ ಹೇಳುತ್ತದೆ ಎಂದೆ.

ಸಣ್ಣಮ್ಮ ಕೈ ಒರೆಸಿಕೊಂಡು ಬಂದು ಚಿತ್ರ ಇಸಿದುಕೊಂಡರು. ಆ ಮೂಲೆಯ ಮೇಲೆ ಹೆಬ್ಬೆರಳಿಟ್ಟರು. ಹೆಬ್ಬೆರಳಿನ ಕೆಳಗೆ ಅದು ಪೂರ್ತಿ ಮುಚ್ಚಿಹೋಯಿತು. ತೆಗೆದು ಮತ್ತೊಮ್ಮೆ ನೋಡಿದರು.

“ಇದ ಆಕಾಸ್‌ದಲ್ಲಿ ನಿಂತ್ಕಂಡ್ ತಗ್ದವ್ರೆ ಮೇಷ್ಟ್ರೆ” ಎಂದು ಚಿತ್ರವನ್ನು ನನಗೆ ಹಿಂದಿರುಗಿಸಿದರು. “ಬಗ್ಗಿ ತಗ್ದಿದ್ರೆ ಗೊತ್ತಾಗ್ತಿತ್ತು, ಎಷ್ಟ್ ಒಲ ಅಂತ.”